ಬೀಡಿ ಸೇದುವ ಅಪ್ಪನಿಗೆ ಅಕ್ಷರ ಡೊಂಕಾಗಿ ಕಾಣುತ್ತಿದೆ, ಜಿಂಕ್ ಮಾತ್ರೆ ಸಾಕಾ?

ಪುತ್ತೂರಿನ_ಮಗ:
ಅಪ್ಪನಿಗೆ 61 ವರ್ಷ. ಮೂವತ್ತೈದು ವರ್ಷದಿಂದ ಬೀಡಿ, ದಿನಕ್ಕೊಂದು ಕಟ್ಟು. ಹೋದ ವಾರ ಪೇಪರ್ ಓದುತ್ತಾ "ಈ ಸಾಲು ನಡುವೆ ಬಗ್ಗಿದೆ ನೋಡು, ಪ್ರಿಂಟೇ ಸರಿ ಇಲ್ಲ" ಅಂದರು. ನಾನು ನೋಡಿದರೆ ಸಾಲು ನೆಟ್ಟಗೇ ಇತ್ತು. ಈಗ ಬಾಗಿಲ ದಾರಂದವೂ ಡೊಂಕು ಅನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದೆವು. ಜಿಂಕ್ ಸ್ವಲ್ಪ ಕಡಿಮೆ, ಹಿಮೋಗ್ಲೋಬಿನ್ 17.5. ರಕ್ತ ಗಟ್ಟಿಯಾಗಿದೆ ಅಂತ ಅಪ್ಪನಿಗೆ ಖುಷಿ. ಮೆಡಿಕಲ್ ಶಾಪಿನವರು ಜಿಂಕ್, ಬೀಟಾ ಕ್ಯಾರೋಟಿನ್ (ಕ್ಯಾರೆಟ್‌ನಲ್ಲಿರುವ ಬಣ್ಣದ ಅಂಶ) ಎಲ್ಲ ಇರುವ ಕಣ್ಣಿನ ಮಾತ್ರೆ ಕೊಟ್ಟಿದ್ದಾರೆ. ಇದನ್ನು ತಗೊಂಡರೆ ಸರಿ ಹೋಗುತ್ತಾ?

ಕಣ್ಣಾಸ್ಪತ್ರೆ_ಸಿಬ್ಬಂದಿ:
ಮಾತ್ರೆ ವಿಷಯ ಆಮೇಲೆ. ನೇರ ಗೆರೆ ಡೊಂಕಾಗಿ ಕಂಡರೆ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ನಡುಭಾಗಕ್ಕೆ, ಅಂದರೆ ಮ್ಯಾಕುಲಾಕ್ಕೆ, ಏನೋ ಆಗಿದೆ ಅಂತ ಅನುಮಾನ ಪಡಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ಮ್ಯಾಕುಲಾ ಸವೆಯುವ ಕಾಯಿಲೆ, ಕಣ್ಣಿನ ಪೊರೆ ಎರಡೂ ಜಾಸ್ತಿ. ಮ್ಯಾಕುಲಾ ಕೆಳಗೆ ರಕ್ತನಾಳ ಸೋರುತ್ತಿದ್ದರೆ ಕಣ್ಣಿಗೆ ಇಂಜೆಕ್ಷನ್ ಕೊಡುತ್ತಾರೆ, ಅದು ಬೇಗ ಶುರುವಾದಷ್ಟೂ ದೃಷ್ಟಿ ಉಳಿಯುತ್ತದೆ. ಒಂದೆರಡು ದಿನದಲ್ಲೇ ರೆಟಿನಾ ಡಾಕ್ಟರಿಗೆ ತೋರಿಸಿ, ಕನ್ನಡಕದ ಅಂಗಡಿಗಲ್ಲ. ಅಲ್ಲಿಯವರೆಗೆ ಚೌಕುಳಿ ಹಾಳೆಯ ನಡುವೆ ಒಂದು ಚುಕ್ಕೆ ಇಟ್ಟು, ಒಂದೊಂದೇ ಕಣ್ಣು ಮುಚ್ಚಿ, ಚುಕ್ಕೆಯನ್ನೇ ನೋಡಲು ಹೇಳಿ, ಗೆರೆ ಡೊಂಕಾಗಿ ಕಾಣುತ್ತದಾ ಕೇಳಿ.

ಲ್ಯಾಬ್_ಅಕ್ಕ:
ಹಿಮೋಗ್ಲೋಬಿನ್ ನೋಡಿ ಖುಷಿ ಪಡಬೇಡಿ ಅಣ್ಣಾ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತದೆ. ಆಮ್ಲಜನಕ ಸಾಲದೆ ಮೈ ಇನ್ನಷ್ಟು ಕೆಂಪು ಕಣ ಮಾಡುತ್ತದೆ, ಅದಕ್ಕೇ ಸೇದುವವರಲ್ಲಿ ಈ ಲೆಕ್ಕ ಏರಿರುತ್ತದೆ.

ಇನ್ನು ಜಿಂಕ್. ತಂಬಾಕು ಗಿಡ ಮಣ್ಣಿನಿಂದ ಕ್ಯಾಡ್ಮಿಯಂ ಅನ್ನುವ ವಿಷದ ಲೋಹ ಎಳೆದು ಎಲೆಯಲ್ಲಿ ಇಟ್ಟುಕೊಳ್ಳುತ್ತದೆ. ಹೊಗೆಯ ಜೊತೆ ಅದು ಶ್ವಾಸಕೋಶದಿಂದ ರಕ್ತಕ್ಕೆ, ಅಲ್ಲಿಂದ ಕಿಡ್ನಿಗೆ ಹೋಗಿ ಹತ್ತಾರು ವರ್ಷ ಕೂತಿರುತ್ತದೆ. ರಸಾಯನಶಾಸ್ತ್ರದಲ್ಲಿ ಜಿಂಕ್, ಕ್ಯಾಡ್ಮಿಯಂ ಎರಡೂ ಒಂದೇ ಗುಂಪು. ಹಾಗಾಗಿ ಜಿಂಕ್ ಕೂರಬೇಕಾದ ಜಾಗದಲ್ಲಿ ಕ್ಯಾಡ್ಮಿಯಂ ಬಂದು ಕೂರುತ್ತದೆ. ರೆಟಿನಾದಲ್ಲಿ ಜಿಂಕ್ ತುಂಬಾ ಇರಬೇಕು, ಅಲ್ವಾ, ಅಲ್ಲೇ ತೊಂದರೆ. ಆದರೆ ರಕ್ತದ ಜಿಂಕ್ ಊಟ, ಸೋಂಕು, ರಕ್ತ ತೆಗೆದ ಹೊತ್ತು ಇವುಗಳಿಂದಲೂ ಏರಿಳಿಯುತ್ತದೆ. ಒಂದು ರಿಪೋರ್ಟ್ ಹಿಡಿದು ತೀರ್ಮಾನ ಮಾಡಬೇಡಿ.

ಹಳೇ_ಫಾರ್ಮಸಿಸ್ಟ್:
ಆ ಮಾತ್ರೆ ಇವತ್ತೇ ನಿಲ್ಲಿಸಿ! ಸೇದುವವರಿಗೆ ಬೀಟಾ ಕ್ಯಾರೋಟಿನ್ ಮಾತ್ರೆ ಕೊಡಲೇಬಾರದು. ಫಿನ್ಲೆಂಡಿನಲ್ಲಿ 29,133 ಜನ ಸೇದುವ ಗಂಡಸರ ಮೇಲೆ ಮಾಡಿದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು, ಅದನ್ನು ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18 ಜಾಸ್ತಿ ಇತ್ತು. ಕ್ಯಾರೆಟ್, ಸೊಪ್ಪು ತಿನ್ನಲಿ, ಅದಕ್ಕೇನೂ ಭಯ ಇಲ್ಲ. ವಯಸ್ಸಾದವರ ಕಣ್ಣಿನ ಕಾಯಿಲೆ ಬಗ್ಗೆ ಅಮೆರಿಕದಲ್ಲಿ ಮಾಡಿದ ಏರೆಡ್ಸ್ ಪ್ರಯೋಗದ ಮಾತ್ರೆಯಲ್ಲೂ 2013ರ ಎರಡನೇ ಪ್ರಯೋಗದ ನಂತರ ಬೀಟಾ ಕ್ಯಾರೋಟಿನ್ ತೆಗೆದು ಲ್ಯೂಟೀನ್, ಜಿಯಾಕ್ಸಾಂಥಿನ್ ಅನ್ನುವ ಬೇರೆ ಬಣ್ಣದ ಅಂಶಗಳನ್ನು ಹಾಕಿದರು. ಅದರಲ್ಲಿ 80 ಮಿಲಿಗ್ರಾಂ ಜಿಂಕ್ ಇದೆ, ಜಾಸ್ತಿ ಜಿಂಕ್ ತಾಮ್ರವನ್ನು ಕಡಿಮೆ ಮಾಡುತ್ತದೆ ಅಂತ 2 ಮಿಲಿಗ್ರಾಂ ತಾಮ್ರವೂ ಇದೆ. ಅಷ್ಟಾದರೂ ಅದು ಮ್ಯಾಕುಲಾ ಕಾಯಿಲೆ ಮಧ್ಯಮ ಹಂತದಲ್ಲಿ ಇರುವವರಿಗೆ, ಮುಂದಕ್ಕೆ ಹೋಗುವುದನ್ನು ನಿಧಾನ ಮಾಡಲು ಮಾತ್ರ. ಹೋದ ದೃಷ್ಟಿ ವಾಪಸ್ ತರುವುದಿಲ್ಲ. ಡಾಕ್ಟರ್ ನೋಡದೆ ಸುಮ್ನೆ ನುಂಗಿಸಬೇಡಿ.

ಬಿಟ್ಟು_ಆರು_ವರ್ಷ:
ನಾನು ಬಿಡುವಾಗ ಮೊದಲ ಮೂರು ದಿನ ನರಕ, ಆಮೇಲೆ ದಾರಿ ಸಿಕ್ಕಿತು. ಬೈದರೆ ಅಪ್ಪ ಹಟ ಹಿಡಿದು ಕದ್ದು ಸೇದುತ್ತಾರೆ, ನಮ್ಮ ಮನೆಯಲ್ಲಿ ನಾನೇ ಹಾಗೆ ಮಾಡಿದ್ದೆ. 1800-11-2356ಕ್ಕೆ ಫೋನ್ ಮಾಡಿ, ಬಿಡಲು ಸಹಾಯ ಮಾಡುವ ಸರ್ಕಾರದ ಉಚಿತ ಸಹಾಯವಾಣಿ.

ಪುತ್ತೂರಿನ_ಮಗ:
ಎಲ್ಲರಿಗೂ ಥ್ಯಾಂಕ್ಸ್. ಮಾತ್ರೆ ನಿಲ್ಲಿಸಿದೆ. ತಂಗಿಯ ಗಣಿತದ ಪುಸ್ತಕದಿಂದ ಚೌಕುಳಿ ಹಾಳೆ ಹರಿದು ತೋರಿಸಿದೆ. ಎಡಗಣ್ಣಲ್ಲಿ ಎಲ್ಲ ನೇರ. ಬಲಗಣ್ಣಲ್ಲಿ ಚುಕ್ಕೆಯ ಹತ್ತಿರದ ನಾಲ್ಕು ಚೌಕ ಒಳಗೆ ಎಳೆದ ಹಾಗಿದೆ, ಒಂದು ಕಾಣುವುದೇ ಇಲ್ಲ ಅಂದರು. ಅಪ್ಪನೇ ಹೆದರಿದ್ದಾರೆ. ನಾಳೆ ಬೆಳಿಗ್ಗೆ ಮಂಗಳೂರಿಗೆ ಹೊರಡುತ್ತೇವೆ, ರೆಟಿನಾ ಡಾಕ್ಟರ್ ಹನ್ನೊಂದಕ್ಕೆ ಬರಲು ಹೇಳಿದ್ದಾರೆ.