ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ತೊಟ್ಟಿಗೆ ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಕಬ್ಬಿಣ) ಸ್ಟ್ಯಾಂಡ್: ಬೆಸುಗೆ ಸೀಳದಿರಲು ಏನು ಮಾಡಬೇಕು?

ಶಿಡ್ಲಘಟ್ಟದಿಂದ ಪ್ರಶ್ನೆ: ರೇಷ್ಮೆ ನೂಲು ತೆಗೆಯುವ ರೀಲಿಂಗ್ ಘಟಕದಲ್ಲಿ ಗೂಡು ಬೇಯಿಸುವ ತೊಟ್ಟಿ. 304 ಗ್ರೇಡಿನ 2 ಮಿ.ಮೀ. ಎಸ್‌ಎಸ್ ಶೀಟು, ಒಂದು ಮೀಟರ್ ಉದ್ದ. ಸ್ಟ್ಯಾಂಡ್ 50×50×5 ಎಂಎಸ್ ಆಂಗಲ್. ಎಂಎಸ್ ಬೆಸೆಯುವ ಮಾಮೂಲಿ 6013 ರಾಡಿನಲ್ಲಿ ಹಾಕಿದ ಬೆಸುಗೆ ಬೀಡಿನುದ್ದಕ್ಕೂ (ರಾಡು ಕರಗಿ ಕೂತ ಗೆರೆಯುದ್ದಕ್ಕೂ) ಸೀಳಿದೆ. ನಮ್ಮಲ್ಲಿರುವುದು 200 ಆಂಪ್ ಇನ್ವರ್ಟರ್ ವೆಲ್ಡಿಂಗ್ ಯಂತ್ರ, ಟಿಗ್ (ಆರ್ಗಾನ್ ಗ್ಯಾಸ್ ವೆಲ್ಡಿಂಗ್) ಇಲ್ಲ. ತಿಳಿದವರು ಹೇಳಿ.

ಅಂತರಸನಹಳ್ಳಿ, ತುಮಕೂರು: ರಾಡೇ ತಪ್ಪು ಸರ್. 6013ರಲ್ಲಿ ಕ್ರೋಮಿಯಂ, ನಿಕಲ್ ಇಲ್ಲ. ಕರಗಿದ ಶೀಟಿನಿಂದ ಒಂದಿಷ್ಟು ಬೀಡಿಗೆ ಸೇರುತ್ತದೆ. ಆ ಅರೆಬರೆ ಮಿಶ್ರಣ ಆರುವಾಗ ಮಾರ್ಟೆನ್ಸೈಟ್ ಎಂಬ ಪೆಡಸು ರೂಪದ ಉಕ್ಕಾಗಿ ಗಡಸಾಗುತ್ತದೆ, ಕುಗ್ಗುವ ಎಳೆತಕ್ಕೆ ಸೀಳುತ್ತದೆ. ಇ309ಎಲ್-16 ರಾಡು ತನ್ನಿ. ಕ್ರೋಮಿಯಂ ಶೇ. 22–25, ನಿಕಲ್ ಶೇ. 12–14 ಇರುವುದರಿಂದ ಎಂಎಸ್ ಬೆರೆತರೂ ತಡೆಯುತ್ತದೆ. 308ಎಲ್ ರಾಡು ಎಸ್‌ಎಸ್‌ಗೆ ಎಸ್‌ಎಸ್ ಸೇರಿಸಲು ಮಾತ್ರ.

ಮಾಲೂರು: ರಾಡು ಬದಲಿಸಿದರಷ್ಟೇ ಸಾಲದು. ತೆಳು ಶೀಟನ್ನು ನೇರವಾಗಿ ಆಂಗಲ್‌ಗೆ ಬೆಸೆಯಲೇಬೇಡಿ. ಪ್ರತಿ ಕಾಲಿನ ಜಾಗದಲ್ಲಿ 3 ಮಿ.ಮೀ. ದಪ್ಪದ 304 ಪಟ್ಟಿಯೊಂದನ್ನು ತೊಟ್ಟಿಯ ತಳಕ್ಕೆ 308ಎಲ್‌ನಲ್ಲಿ ಕೂಡಿಸಿ: 2 ಮಿ.ಮೀ. ರಾಡು, 40–50 ಆಂಪ್. ಆಮೇಲೆ ಪಟ್ಟಿಯಿಂದ ಆಂಗಲ್‌ಗೆ 309ಎಲ್: 2.5 ಮಿ.ಮೀ. ರಾಡು, 65–75 ಆಂಪ್, ಹೋಲ್ಡರ್ ಪ್ಲಸ್‌ಗೆ. ಆರ್ಕ್ ಗಿಡ್ಡವಾಗಿರಲಿ, ರಾಡನ್ನು ಅತ್ತಿತ್ತ ಆಡಿಸಬೇಡಿ. ಕರೆಂಟ್ ಏರಿಸಿದಷ್ಟೂ ಎಂಎಸ್ ಹೆಚ್ಚು ಕರಗಿ ಬೆರೆಯುತ್ತದೆ. ಬೀಡಿನ ಕೊನೆಯಲ್ಲಿ ಗುಳಿ ತುಂಬಿಸಿಯೇ ರಾಡು ಎತ್ತಿ, ಸೀಳು ಶುರುವಾಗುವುದು ಹೆಚ್ಚಾಗಿ ಅಲ್ಲೇ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನೀರು 25ರಿಂದ 95 ಡಿಗ್ರಿಗೆ ಏರಿದರೆ ನಿಮ್ಮ ತೊಟ್ಟಿ ಸುಮಾರು 1.2 ಮಿ.ಮೀ. ಉದ್ದವಾಗುತ್ತದೆ. ಎಂಎಸ್ ಹಿಗ್ಗುವುದೇ ಕಡಿಮೆ, ಸಾಲದ್ದಕ್ಕೆ ಸ್ಟ್ಯಾಂಡ್ ಅಷ್ಟು ಕಾಯುವುದೂ ಇಲ್ಲ. ನಾಲ್ಕೂ ಕಾಲು ಬೆಸೆದರೆ ದಿನವೂ ಕಾದು ಆರುವಾಗ ಆ ಎಳೆತವೆಲ್ಲ ಬೀಡಿನ ಮೇಲೆಯೇ. ಒಂದು ತುದಿಯ ಎರಡು ಕಾಲು ಮಾತ್ರ ಬೆಸೆಯಿರಿ. ಇನ್ನೊಂದು ತುದಿಯಲ್ಲಿ ಪಟ್ಟಿಯನ್ನು ತೊಟ್ಟಿಯಿಂದ ಹೊರಚಾಚಿಸಿ, ಉದ್ದ ತೂತು ಕೊರೆದು ಬೋಲ್ಟ್ ಹಾಕಿ, ತೀರಾ ಬಿಗಿಯಬೇಡಿ.

ಶಿಡ್ಲಘಟ್ಟ: ಹಳೆ ಬೀಡಿನ ಮೇಲೇ 309 ಎಳೆಯಬಹುದಾ ಅಣ್ಣ?

ಮಾಲೂರು: ಬೇಡ. ಕೆಳಗಿನ ಸೀಳು ಮೇಲಕ್ಕೆ ಬಂದೇ ಬರುತ್ತದೆ. ಪೂರ್ತಿ ಗ್ರೈಂಡ್ ಮಾಡಿ ತೆಗೆಯಿರಿ. ಎಂಎಸ್‌ಗೆ ಬಳಸಿದ ವೀಲ್, ಬ್ರಷ್ ಎಸ್‌ಎಸ್‌ಗೆ ತಾಗಿಸಬೇಡಿ. ಕಬ್ಬಿಣದ ಪುಡಿ ಅಂಟಿ ಅಲ್ಲೇ ತುಕ್ಕು ಕಾಣಿಸುತ್ತದೆ.

ಚಿಂತಾಮಣಿ: ಸ್ಟ್ಯಾಂಡಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಸೇರಿಸುವ ಯೋಚನೆಯಿದ್ದರೆ ಬೆಸೆಯುವ ಜಾಗದ ಸತು ಪೂರ್ತಿ ಉಜ್ಜಿ ತೆಗೆಯಿರಿ. ಕರಗಿದ ಸತು ಎಸ್‌ಎಸ್ ಒಳಗೆ ಇಳಿದು ಸೀಳಿಸುತ್ತದೆ, ಅದರ ಹೊಗೆಗೆ ಜ್ವರವೂ ಬರುತ್ತದೆ. ರಾಡು ತೇವಗೊಂಡಿದ್ದರೆ ಡಬ್ಬದ ಮೇಲೆ ಬರೆದಷ್ಟು ಬಿಸಿಗೆ ಕಾಯಿಸಿಕೊಳ್ಳಿ. ಸೀಳು ನೋಡಲು ಡೈ ಪೆನಿಟ್ರೆಂಟ್ ಸ್ಪ್ರೇ (ಸೀಳಿನೊಳಗೆ ಇಳಿದು ಅದನ್ನು ಬಣ್ಣದಲ್ಲಿ ತೋರಿಸುವ ದ್ರವ) ಸಾಕು. ಅಲ್ಲಿ ಯಾವಾಗಲೂ ನೀರು ಚೆಲ್ಲುವುದರಿಂದ ಬೀಡಿನ ಪಕ್ಕದ ಎಂಎಸ್ ಅನ್ನು ತುಕ್ಕು ಬೇಗ ತಿನ್ನುತ್ತದೆ. ಎಪಾಕ್ಸಿ ಪೇಂಟನ್ನು ಆಂಗಲ್‌ಗೆ ಮಾತ್ರ ಹಚ್ಚಿ ನಿಲ್ಲಿಸಬೇಡಿ. ಬೀಡು ದಾಟಿ ಎಸ್‌ಎಸ್ ಪಟ್ಟಿಯ ಮೇಲೂ ಎರಡು ಇಂಚು ಬರಲಿ.