ತುಂತುರು ಮಳೆಯ ನಂತರ ಟೊಮೆಟೊ ಇನ್ನಷ್ಟು ಬಾಡಿದೆ, ಕಾಯಿಯ ತುದಿ ಕಪ್ಪಾಗುತ್ತಿದೆ: ಇದು ಉಪ್ಪಿನ ಸಮಸ್ಯೆಯೇ?

ಪ್ರಶ್ನೆ (ಕಡೂರು ಬೆಳೆಗಾರ):
ಮಾನ್ಯರೇ, ಕೊಳವೆಬಾವಿಯ ನೀರನ್ನು ನಂಬಿ ಏರುಮಡಿಯಲ್ಲಿ ಹನಿ ನೀರಾವರಿಯಿಂದ ಟೊಮೆಟೊ ಬೆಳೆದಿದ್ದೇನೆ. ಮಲ್ಚಿಂಗ್ ಹಾಳೆ ಹಾಸಿಲ್ಲ. ಹಳೆಯ ಎಲೆಗಳ ಅಂಚು ಸುಟ್ಟಂತಾಗಿದೆ, ಕಾಯಿಗಳು ನಿಂಬೆ ಗಾತ್ರಕ್ಕೇ ನಿಂತಿವೆ, ಹಲವು ಕಾಯಿಗಳ ತುದಿಯಲ್ಲಿ ಒಳಕ್ಕೆ ತಗ್ಗಿದ, ಚರ್ಮದಂತೆ ಒಣಗಿದ ಕಪ್ಪು ಮಚ್ಚೆ ಕಾಣುತ್ತಿದೆ. ಮೊನ್ನೆ ತುಂತುರು ಮಳೆಯಾದ ಮೇಲೆ ಗಿಡಗಳು ಚೇತರಿಸಿಕೊಳ್ಳುವ ಬದಲು ಇನ್ನಷ್ಟು ಬಾಡಿದವು. ನೀರಿನ ವರದಿಯಲ್ಲಿ ಇ.ಸಿ. (ಕರಗಿದ ಲವಣದ ಪ್ರಮಾಣ ತೋರಿಸುವ ವಿದ್ಯುತ್ ವಾಹಕತೆ; ಮಾನ ಡೆಸಿಸೀಮೆನ್ಸ್ ಪ್ರತಿ ಮೀಟರಿಗೆ) 2.0 ಇದೆ, ಮಣ್ಣಿನದು 0.8 ಇದ್ದು, ‘ಸಾಮಾನ್ಯ’ ಎಂದು ಷರಾ ಬರೆದಿದ್ದಾರೆ. ಗೊಬ್ಬರದ ಅಂಗಡಿಯವರು ಕ್ಯಾಲ್ಸಿಯಂ ಸಿಂಪಡಿಸಲು ಹೇಳುತ್ತಾರೆ. ಮಣ್ಣು ಸರಿಯಿದ್ದರೆ ಗಿಡಕ್ಕೆ ಆಗಿರುವುದೇನು?

ಉತ್ತರ (ಅರಸೀಕೆರೆ ತೋಟ):
ಮೊದಲು ಎರಡು ವಿಷಯ ತಿಳಿಸಿ. ಮಣ್ಣಿನ ಮಾದರಿಯನ್ನು ಯಾವಾಗ, ಎಲ್ಲಿಂದ ತೆಗೆದಿರಿ? ಬಾಡಿದ ಗಿಡದ ಕಾಂಡವನ್ನು ಬುಡದಲ್ಲಿ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟರೆ ಹಾಲಿನಂಥ ಎಳೆ ಇಳಿಯುತ್ತದೆಯೇ? ಇಳಿದರೆ ಅದು ದುಂಡಾಣು ಸೊರಗು ರೋಗ. ಅದರ ದಾರಿಯೇ ಬೇರೆ.

ಕಡೂರು ಬೆಳೆಗಾರ:
ನೀರು ತಿಳಿಯಾಗಿಯೇ ಉಳಿಯಿತು. ಮಾದರಿಯನ್ನು ನಾಟಿಗೆ ಮುಂಚೆ ಹೊಲದ ನಾಲ್ಕಾರು ಕಡೆ ತೆಗೆದಿದ್ದೆ. ಈಗ ಡ್ರಿಪ್ಪರಿನಿಂದ ಒಂದು ಗೇಣು ದೂರದಲ್ಲಿ, ತೇವ ಮುಗಿಯುವ ಕಡೆ, ಬಿಳಿ ಪುಡಿಯ ಉಂಗುರ ಕಾಣುತ್ತಿದೆ.

ಉತ್ತರ (ಅರಸೀಕೆರೆ ತೋಟ):
ಆ ಬಿಳಿ ಉಂಗುರವೇ ನಿಮ್ಮ ಪ್ರಶ್ನೆಗೆ ಉತ್ತರ. ಹನಿ ನೀರಾವರಿಯಲ್ಲಿ ನೀರು ಹರಡುತ್ತಾ ಹೋದಂತೆ ಅದರೊಳಗಿನ ಲವಣವೂ ಅಂಚಿಗೆ ಸರಿದು, ನೀರು ಆವಿಯಾದ ಮೇಲೆ ಅಲ್ಲಿಯೇ ಉಳಿದುಬಿಡುತ್ತದೆ. ಜೋರು ಮಳೆ ಬಂದರೆ ಅದನ್ನು ಬೇರಿನಿಂದ ಕೆಳಕ್ಕೆ ತೊಳೆಯುತ್ತದೆ. ತುಂತುರು ಮಳೆ ಮಾತ್ರ ಮೇಲಿನ ಉಪ್ಪನ್ನು ಕರಗಿಸಿ ನೇರವಾಗಿ ಬೇರಿಗೇ ಇಳಿಸುತ್ತದೆ. ಆದ್ದರಿಂದ ಸಣ್ಣ ಮಳೆ ಬರುವಾಗ ಡ್ರಿಪ್ ನಿಲ್ಲಿಸಬೇಡಿ, ಓಡಿಸಿ. ಮೂಡಿಗೆರೆಯ ಕಡೆ ಮುಂಗಾರೇ ಮಾಡಿಕೊಡುವ ಈ ತೊಳೆಯುವ ಕೆಲಸವನ್ನು ನಮ್ಮ ಒಣ ಪಟ್ಟಿಯಲ್ಲಿ ನಾವೇ ಮಾಡಬೇಕು.

ಇನ್ನು ಮಣ್ಣಿನ ವರದಿ. ನಮ್ಮ ಪ್ರಯೋಗಾಲಯಗಳು ಸಾಮಾನ್ಯವಾಗಿ ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಇ.ಸಿ. ಅಳೆಯುತ್ತವೆ. ಟೊಮೆಟೊ 2.5 ಡೆಸಿಸೀಮೆನ್ಸ್‌ವರೆಗೆ ತಾಳುತ್ತದೆ, ಅದರಾಚೆ ಏರುವ ಪ್ರತಿ ಒಂದು ಡೆಸಿಸೀಮೆನ್ಸಿಗೆ ಇಳುವರಿ ಸುಮಾರು ಶೇಕಡಾ 10ರಷ್ಟು ಕುಸಿಯುತ್ತದೆ ಎಂಬ ಪುಸ್ತಕದ ಅಂಕಿ ಮಾತ್ರ ಮಣ್ಣು ಪೂರ್ತಿ ನೆನೆಯುವಷ್ಟೇ ನೀರು ಬೆರೆಸಿ, ಅದರಿಂದ ಹಿಂಡಿ ತೆಗೆದ ಸಾರಕ್ಕೆ ಸಂಬಂಧಿಸಿದ್ದು. ಹಾಗೆ ಅಳೆದರೆ ನಿಮ್ಮ 0.8 ಮಣ್ಣಿನ ಗುಣಕ್ಕೆ ತಕ್ಕಂತೆ ಎರಡು ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚಾಗುತ್ತದೆ. ಅದೂ ನಾಟಿಗೆ ಮುಂಚಿನ ಅಂಕಿ. ಬೇರಿನ ಪಕ್ಕದ ಮಣ್ಣನ್ನು ಈಗ ಮತ್ತೆ ಪರೀಕ್ಷಿಸಿ, ಜೊತೆಗೆ ನೀರಿನ ಸೋಡಿಯಂ, ಬೈಕಾರ್ಬೊನೇಟ್ ಎರಡನ್ನೂ ಅಳೆಸಿ. ಸೋಡಿಯಂ ಹೆಚ್ಚಿದ್ದರೆ ಮಾತ್ರ ಜಿಪ್ಸಂ ಹಾಕುವುದರಲ್ಲಿ ಅರ್ಥವಿದೆ.

ಕಡೂರು ಬೆಳೆಗಾರ:
ಧನ್ಯವಾದಗಳು ಸರ್. ಹಾಗಾದರೆ ಕ್ಯಾಲ್ಸಿಯಂ ಸಿಂಪಡಣೆ ಬೇಡವೇ? ನೀರನ್ನು ಎಷ್ಟು ಹೆಚ್ಚಿಸಲಿ?

ಉತ್ತರ (ಅರಸೀಕೆರೆ ತೋಟ):
ಕಾಯಿಯ ತುದಿ ಕಪ್ಪಾಗುವುದು ಕ್ಯಾಲ್ಸಿಯಂ ಕೊರತೆಯಿಂದಲೇ ನಿಜ, ಆದರೆ ಕೊರತೆ ಇರುವುದು ಕಾಯಿಯಲ್ಲಿ. ಮಣ್ಣಿನಲ್ಲಿ ಅದು ಇದ್ದರೂ ಹೀಗಾಗುತ್ತದೆ. ಕ್ಯಾಲ್ಸಿಯಂ ಬೇರಿನಿಂದ ನೀರಿನ ಜೊತೆಗೇ ಮೇಲೇರಬೇಕು. ಉಪ್ಪು ಹೆಚ್ಚಾದಾಗ ಬೇರಿಗೆ ನೀರೆಳೆಯುವುದೇ ಕಷ್ಟ; ಸಿಕ್ಕ ಸ್ವಲ್ಪವೂ ಎಲೆಗೆ ಹೋಗುತ್ತದೆಯೇ ಹೊರತು ಕಾಯಿಗೆ ತಲುಪುವುದು ಕಡಿಮೆ. ಎಲೆಗೆ ಸಿಂಪಡಿಸಿದ ಕ್ಯಾಲ್ಸಿಯಂ ಕಾಯಿಗೆ ಇಳಿಯುವುದಿಲ್ಲವೆಂದೇ ಹೇಳಬೇಕು. ಕಾಯಿ ಸಣ್ಣದಾಗುವುದೂ ಇದೇ ಕಾರಣಕ್ಕೆ. ಅಂಥ ಹಣ್ಣಿನಲ್ಲಿ ನೀರು ಕಡಿಮೆಯಿದ್ದು ಸಕ್ಕರೆ, ಹುಳಿ ಎರಡೂ ಗಟ್ಟಿಯಾಗಿರುವುದರಿಂದ ರುಚಿ ಹೆಚ್ಚುತ್ತದೆ, ಆದರೆ ತೂಕದ ಲೆಕ್ಕದ ಮಾರುಕಟ್ಟೆಯಲ್ಲಿ ಆ ರುಚಿಗೆ ಬೆಲೆ ಸಿಗುವುದು ಅಪರೂಪ.

ನಿಮ್ಮ 2.0 ಇ.ಸಿ. ನೀರಿಗೆ ಗಿಡದ ಅಗತ್ಯಕ್ಕಿಂತ ಸುಮಾರು ಕಾಲು ಭಾಗ ಹೆಚ್ಚು ಕೊಟ್ಟರೆ ಲವಣ ಕೆಳಕ್ಕಿಳಿಯುತ್ತದೆ. ಏರುಮಡಿಯ ಕೆಳಗೆ ನೀರು ನಿಲ್ಲದಂತೆ ನೋಡಿಕೊಳ್ಳುವುದು ಮುಖ್ಯ. ಕೃಷಿ ಹೊಂಡದಲ್ಲಿ ಮಳೆನೀರು ಇದ್ದರೆ ಅರ್ಧಕ್ಕರ್ಧ ಬೆರೆಸಿ, ಇ.ಸಿ. 1ರ ಆಸುಪಾಸಿಗೆ ಬರುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಶ್ (ಕ್ಲೋರೈಡ್ ರೂಪದ ಪೊಟ್ಯಾಶ್ ಗೊಬ್ಬರ) ಬದಲು ಸಲ್ಫೇಟ್ ಆಫ್ ಪೊಟ್ಯಾಶ್ ಬಳಸಿ, ರಸಗೊಬ್ಬರವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಕೊಡಿ; ಅದೂ ಒಂದು ಲವಣವೇ. ಸಾಲಿನ ಮೇಲೆ ಒಣಹುಲ್ಲಾದರೂ ಹಾಸಿ, ಆವಿಯಾಗುವುದು ತಗ್ಗುತ್ತದೆ. ಕಪ್ಪಾದ ಕಾಯಿ ಮತ್ತೆ ಸರಿಯಾಗದು, ಕಿತ್ತುಹಾಕಿ. ಇಂದಿನಿಂದ ಹೂವಾಗುವ ಗೊಂಚಲುಗಳಿಗೆ ದಾರ ಕಟ್ಟಿ ಗುರುತು ಮಾಡಿಟ್ಟು, ಅವುಗಳಲ್ಲಿ ನಿಂತ ಕಾಯಿ ಹೇಗಿದೆ ಎಂದು ಇಲ್ಲಿ ಬರೆಯಿರಿ.