ಲ್ಯಾಟಿನ್ನಿನ 'ಪಿಪೆರ್', ನಮ್ಮ ಹಿಪ್ಪಲಿ, ಬ್ಯಾಡಗಿಯ ಪಾಪ್ರಿಕಾ: ಬೇರು ಒಂದೇನು?

ಪ್ರಶ್ನೆ (ಬ್ಯಾಡಗಿ):
ಬ್ಯಾಡಗಿ ಡಬ್ಬಿ ತಳಿಯ ಮೆಣಸಿನಕಾಯಿಂದ ತೆಗೆಯೋ ಕೆಂಪು ಸಾರಕ್ಕ ವ್ಯಾಪಾರದಾಗ 'ಪಾಪ್ರಿಕಾ ಓಲಿಯೋರೆಸಿನ್' ಅಂತಾರ. ಪಾಪ್ರಿಕಾ ಅನ್ನೋ ಹೆಸರು ಲ್ಯಾಟಿನ್ನಿನ ಪಿಪೆರ್ (ಮೆಣಸು) ಶಬ್ದದಿಂದ ಬಂತು, ಪಿಪೆರ್ ನಮ್ಮ ಹಿಪ್ಪಲಿಯಿಂದ ಹೋತು ಅನ್ನೋದು ಖರೇನ್ರಿ? ಹಂಗಿದ್ರ ಮೆಣಸಿಗೆ ಅನ್ನೋ ಸ್ಪ್ಯಾನಿಷಿನ ಪಿಮಿಯೆಂತಾ, ಫ್ರೆಂಚಿನ ಪ್ವಾವ್ರ್, ಹಿಂದಿಯ ಮಿರ್ಚ್ ಎಲ್ಲಾ ಅದೇ ಮನೆತನಾನ?

ಉತ್ತರ (ಧಾರವಾಡ):
ಖರೆ, ಆದ್ರ ಎರಡನ್ನ ಹೊರಗಿಡ್ರಿ. ಮಿರ್ಚ್ ಸಂಸ್ಕೃತದ 'ಮರಿಚ'ದ್ದು. ಪಿಮಿಯೆಂತಾ ಲ್ಯಾಟಿನ್ನಿನ 'ಪಿಗ್ಮೆಂತಾ'ದ್ದು, ಅದರ ಮೂಲ ಅರ್ಥ ಬಣ್ಣ, ಆಮೇಲೆ ಮಸಾಲೆಗೆ ಜಾರಿತು. ಮೊದಲಿನ 'ಪಿ' ನೋಡಿ ಬಹಳ ಮಂದಿ ಇಲ್ಲೇ ಎಡವತಾರ. ಸ್ಪ್ಯಾನಿಷಿನಾಗ ಪಿಪೆರ್‌ನ ಕುಡಿ 'ಪೆಬ್ರೆ'.

ಪ್ವಾವ್ರ್ ಮಾತ್ರ ಪಕ್ಕಾ. ಇನ್ನೊಂದು ಶಬ್ದ ಇಟ್ಟು ತಾಳೆ ನೋಡ್ರಿ: ಒತ್ತು ಬಿದ್ದ ಹ್ರಸ್ವ ಇಕಾರ ಫ್ರೆಂಚಿನಾಗ 'ವಾ' ಆಗತದ, 'ಫಿದೆಮ್' (ನಂಬಿಕೆ) 'ಫ್ವಾ' ಆದಂಗ. ನಡುವಿನ ಎಕಾರ ಬಿದ್ದು ಪ, ರ ಕೂಡಿದಾಗ ಪ ವಕಾರ ಆಗತದ, 'ಕಪ್ರಾ' (ಆಡು) 'ಶೆವ್ರ್' ಆದಂಗ. ಎರಡೂ ನಿಯಮ ಕೂಡಿ ಬಂದ್ರ ಮಾತ್ರ ನಂಟು ಒಪ್ಪಬೇಕು.

ಉತ್ತರ (ಗದಗ):
ಹಿಪ್ಪಲಿ ಕಡೆ ನೋಡಿದ್ರ ಇನ್ನೂ ಚಂದ. ಸಂಸ್ಕೃತದ ಪಿಪ್ಪಲೀ ಗ್ರೀಕಿನಾಗ 'ಪೆಪೆರಿ' ಆತು, ಲಕಾರ ರಕಾರ ಆತು. ಅರಬ್ಬಿಯಾಗ ಪಕಾರ ಇಲ್ಲ, ಅದಕ್ಕ 'ಫಿಲ್ಫಿಲ್'; ಲಕಾರ ಮಾತ್ರ ಉಳೀತು. ನಮ್ಮಲ್ಲಿ ಶಬ್ದದ ಮೊದಲಿನ ಪ ಹಕಾರ ಆತು, ಲಕ್ಷ್ಮೇಶ್ವರದ ಹಳೇ ಹೆಸರು ಪುಲಿಗೆರೆ ಹುಲಿಗೆರೆ ಆದಂಗ. ಆದ್ರ ಒತ್ತಕ್ಷರದ 'ಪ್ಪ' ಜಗ್ಗಲಿಲ್ಲ. ಉಪ್ಪು, ಅಪ್ಪ ನೋಡ್ರಿ. ಜರ್ಮನ್ನಿನ 'ಪ್ಫೆಫರ್'ನಾಗ ಎರಡೂ ಕಡೆ ಪ ಬದಲಾಗೇದ.

ಒಂದು ಎಚ್ಚರಿಕೆ: ಹಿಪ್ಪಲಿ ಬೇರೆ ಬಳ್ಳಿ, ಮೆಣಸಿನಕಾಳು ಬೇರೆ ಬಳ್ಳಿ. ರೋಮಿನವರು ಎರಡಕ್ಕೂ ಪಿಪೆರ್ ಅಂದ್ರೂ ಬೆಲೆ ಬೇರೆ ಇತ್ತು. ರೋಮಿನ ಲೇಖಕ ಪ್ಲೀನಿ ಬರೆದಂಗ ಒಂದು ಪೌಂಡಿಗೆ ಹಿಪ್ಪಲಿ 15 ದಿನಾರಿ (ರೋಮಿನ ಬೆಳ್ಳಿ ನಾಣ್ಯ), ಬಿಳಿ ಮೆಣಸು 7, ಕರಿ ಮೆಣಸು 4.

ಪ್ರಶ್ನೆ ಕೇಳಿದವರು:
ಅಂದ್ರ ಪಾಪ್ರಿಕಾ ಗಿಡಕ್ಕೂ ಹಿಪ್ಪಲಿಗೂ ಸಂಬಂಧ?

ಉತ್ತರ (ಹುಬ್ಬಳ್ಳಿ):
ಹೆಸರಿಗಷ್ಟೇ. ಮೆಣಸಿನಕಾಯಿ ಅಮೆರಿಕದ ಗಿಡ, 1492ರ ನಂತರವೇ ಈ ಕಡೆ ಬಂದದ್ದು. ಸರ್ಬಿಯಾ, ಕ್ರೊಯೇಷಿಯಾದವರು ಪಿಪೆರ್‌ನಿಂದ ಬಂದ 'ಪಾಪರ್' ಶಬ್ದಕ್ಕ ಬಾಲ ಹಚ್ಚಿ ಪಾಪ್ರಿಕಾ ಅಂದ್ರು, ಹಂಗೇರಿ ಅದನ್ನ ಜಗತ್ತಿಗೆ ಹಬ್ಬಿಸಿತು. ನಾವೂ ಮೆಣಸಿಗೆ ಕಾಯಿ ಸೇರಿಸಿ ಮೆಣಸಿನಕಾಯಿ ಅಂದದ್ದು ಅದೇ ದಾರಿ.

ಸರಕಿನ ಚೀಟಿ (ಲೇಬಲ್) ಓದುವಾಗ ಇದು ಉಪಯೋಗಕ್ಕ ಬರತದ. 'ಪೈಪರೀನ್' ಅಂತ ಇದ್ರ ಮೆಣಸಿನಕಾಳಿನ ಖಾರ, 'ಕ್ಯಾಪ್ಸೈಸಿನ್' ಇದ್ರ ಕಾಯಿಯ ಖಾರ. ಬ್ಯಾಡಗಿ ಡಬ್ಬಿಗೆ ಬೆಲೆ ಬರೋದು ಮೂರನೇದ್ದಕ್ಕ: ಕೆಂಪು ಬಣ್ಣ ಕೊಡೋ ಕ್ಯಾಪ್ಸಾಂಥಿನ್‌ಗೆ.